ಗುಡ್ಡದ ಮರೆಯ ರೇಡಿಯೊ: ಒಂಬತ್ತನೇ ತರಗತಿಯಲ್ಲಿ ಎರಡು ಪಾಠಗಳ ಅನುಭವ

ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಹಂಚಿಕೆಯಾದದ್ದು ಬಾಳ್ಳುಪೇಟೆಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಆಲೂರು, ಸಕಲೇಶಪುರ ಎರಡೂ ತಾಲ್ಲೂಕುಗಳ ಮಕ್ಕಳು ಅಲ್ಲಿಗೆ ಬರುತ್ತಾರೆ. ಸಣ್ಣ ಕಾಫಿ ಬೆಳೆಗಾರರ ಮಕ್ಕಳು, ಗದ್ದೆಯವರ ಮಕ್ಕಳು, ಎಸ್ಟೇಟಿನ ಲೈನ್ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮನೆಮಾತು ಕನ್ನಡ ಅಲ್ಲದವರು ಕಡಿಮೆಯೇನಿಲ್ಲ. ತುಳು, ಬ್ಯಾರಿ, ತಮಿಳು ಇವೆ. ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬದ ಒಬ್ಬ ಹುಡುಗನೂ ಇದ್ದ. ನನ್ನ ಬೋಧನಾ ವಿಷಯ ಭೌತವಿಜ್ಞಾನ ಮತ್ತು ಗಣಿತ. ಒಂಬತ್ತನೇ ತರಗತಿಯ ‘ಶಬ್ದ’ ಘಟಕದ ಕೊನೆಯಲ್ಲಿ ನಾನು ಮಾಡಿದ ಎರಡು ಪಾಠಗಳ ವಿವರ ಇಲ್ಲಿದೆ. ಮೊದಲನೆಯದು ವಿಜ್ಞಾನದ ಪಾಠ. ಎರಡನೆಯದನ್ನು ಯಾವ ವಿಷಯದ ಕಾಲಂನಲ್ಲಿ ಬರೆಯಬೇಕೆಂದು ಪಾಠ ಯೋಜನೆಯ ಪುಸ್ತಕ ತುಂಬುವಾಗ ನನಗೂ ಗೊತ್ತಾಗಲಿಲ್ಲ.

ಮಾತಿನ ರೇಡಿಯೊವನ್ನೇ ಆರಿಸಿಕೊಳ್ಳಲು ಕಾರಣವಿದೆ. ಈ ಭಾಗದ ತೋಟಗಳಲ್ಲಿ ಹಾಸನ ಆಕಾಶವಾಣಿ, ಅಂದರೆ 102.2 ಮೆಗಾಹರ್ಟ್ಸ್, ಇನ್ನೂ ಕೇಳಿಸಿಕೊಳ್ಳುವ ವಸ್ತು. ಕಣದಲ್ಲಿ ಕಾಫಿ ಹರಡುವಾಗ, ಮೆಣಸು ಬಿಡಿಸುವಾಗ, ಅಡುಗೆ ಮನೆಯಲ್ಲಿ, ಟೀ ಅಂಗಡಿಯಲ್ಲಿ ಅದು ಮಾತಾಡುತ್ತಲೇ ಇರುತ್ತದೆ. ಮೈಸೂರು ಸೀಮೆಯಲ್ಲಿ ಇದು ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ಸ್ವಂತ ಮನೆಯಿಂದ ‘ಆಕಾಶವಾಣಿ’ಯನ್ನು ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೇಷ್ಟರೊಬ್ಬರ ಮನೆಯಲ್ಲಿ ಹುಟ್ಟಿದ ಆ ಹೆಸರೇ 1957ರಿಂದ ಇಡೀ ದೇಶದ ರೇಡಿಯೊದ ಹೆಸರಾಯಿತು. ಇದನ್ನು ಹೇಳಿದಾಗ ಮಕ್ಕಳಿಗಿಂತ ನಮ್ಮ ಸ್ಟಾಫ್ ರೂಮಿನವರಿಗೇ ಹೆಚ್ಚು ಖುಷಿಯಾಯಿತು.

ಮೊದಲ ಪಾಠ: ಯಾರ ಮನೆಗೆ ಯಾವ ಸ್ಟೇಷನ್

ಪೂರ್ವಜ್ಞಾನ ಪರೀಕ್ಷೆಗೆ ಒಂದೇ ಪ್ರಶ್ನೆ ಕೇಳಿದೆ: ಹಾಸನದ ಸ್ಟುಡಿಯೋದಲ್ಲಿ ಆಡಿದ ಮಾತು ನಮ್ಮ ಮನೆಗೆ ಬರುವುದು ಹೇಗೆ? ಹೆಚ್ಚಿನವರು ‘ಶಬ್ದ ಗಾಳಿಯಲ್ಲಿ ಬರ್ತದೆ ಮಿಸ್’ ಎಂದರು. ಶಬ್ದಕ್ಕೆ ಮಾಧ್ಯಮ ಬೇಕು ಎಂದು ಹಿಂದಿನ ವಾರವೇ ಓದಿದ್ದರಲ್ಲ, ಆ ಪಾಠ ಇಲ್ಲಿ ಅವರನ್ನು ಅಡ್ಡದಾರಿಗೆ ಎಳೆಯಿತು. ಹಾಗಾದರೆ ಲೆಕ್ಕ ಹಾಕೋಣ ಎಂದೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ ಮಾತು ತಲುಪಲು ಸುಮಾರು 118 ಸೆಕೆಂಡು ಬೇಕು, ಹೆಚ್ಚುಕಡಿಮೆ ಎರಡು ನಿಮಿಷ. ಹಾಗಿದ್ದರೆ ಫೋನ್-ಇನ್ ಕಾರ್ಯಕ್ರಮದಲ್ಲಿ ‘ನಮಸ್ಕಾರ, ಯಾರು ಮಾತಾಡ್ತಿರೋದು?’ ಎಂದು ಕೇಳಿದವರು ನಾಲ್ಕು ನಿಮಿಷ ಕಾದು ಕೂರಬೇಕಿತ್ತು! ರೇಡಿಯೊ ತರಂಗ ವಿದ್ಯುತ್ಕಾಂತೀಯ, ಅದರ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅದಕ್ಕೆ ಈ ದೂರ ಒಂದು ಸೆಕೆಂಡಿನ 7,500ರಲ್ಲಿ ಒಂದು ಪಾಲು. ಶಬ್ದವಿರುವುದು ಎರಡು ತುದಿಯಲ್ಲಿ ಮಾತ್ರ, ಮೈಕಿನ ಹತ್ತಿರ ಮತ್ತು ಸ್ಪೀಕರಿನ ಹತ್ತಿರ. ನಡುವೆ ಪ್ರಯಾಣ ಮಾಡುವುದು ಬೇರೆ ಎಂಬುದು ಈ ಲೆಕ್ಕದಿಂದ ಗಟ್ಟಿಯಾಯಿತು. ವ್ಯಾಖ್ಯೆ ಬರೆಸಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಮನೆಗೆಲಸ. ಒಂದು ವಾರ ಮನೆಯಲ್ಲಿ ಎಲ್ಲಿ ನಿಂತರೆ ಯಾವ ಸ್ಟೇಷನ್ ಸಿಗುತ್ತದೆ ಎಂದು ಗುರುತು ಹಾಕಿಕೊಂಡು ಬರಬೇಕು. ರೇಡಿಯೊ ಸೆಟ್ಟು ಇರುವ ಮನೆ ಕೆಲವೇ. ಉಳಿದವರು ಹಳೆಯ ಕೀಪ್ಯಾಡ್ ಫೋನುಗಳನ್ನು ಹಿಡಿದು ಅಂಗಳ, ಕಣ, ಕೆರೆ ಏರಿ ಸುತ್ತಿದರು. ಇಯರ್‌ಫೋನ್ ಸಿಕ್ಕಿಸದಿದ್ದರೆ ಫೋನಿನಲ್ಲಿ ಎಫ್‌ಎಂ ಬರುವುದಿಲ್ಲ, ಯಾಕೆ ಎಂದು ಒಬ್ಬಳು ಕೇಳಿದಳು. 300ನ್ನು 102.2ರಿಂದ ಭಾಗಿಸಿ ಎಂದೆ. ತರಂಗದೂರ ಸುಮಾರು 2.94 ಮೀಟರ್ ಬಂತು. ಅಷ್ಟು ಉದ್ದದ ಅಲೆ ಹಿಡಿಯಲು ಅಂಗೈಯಗಲದ ಫೋನು ಸಾಲದು. ಇಯರ್‌ಫೋನಿನ ತಂತಿಯೇ ಆಂಟೆನಾ. ‘ಅದಕ್ಕೇ ನಮ್ಮಜ್ಜ ತಂತೀನ ಕಿಟಕಿ ಸರಳಿಗೆ ಸುತ್ತೋದು’ ಎಂದು ಇನ್ನೊಬ್ಬ ಸೇರಿಸಿದ. ಅಜ್ಜ ಮಾಡುತ್ತಿದ್ದುದು ಸರಿಯಾದ ಭೌತವಿಜ್ಞಾನ.

ವಾರದ ನಂತರ ಬಂದ ನಕ್ಷೆ ನಾನು ಎಣಿಸಿದ್ದಕ್ಕಿಂತ ಸ್ವಾರಸ್ಯವಾಗಿತ್ತು. ಆಲೂರು ಕಡೆಯ ಬಯಲಿನ ಮನೆಗಳಲ್ಲಿ ಹಾಸನ ಚೆನ್ನಾಗಿ ಬರುತ್ತದೆ. ಗುಡ್ಡದ ಪಶ್ಚಿಮದ ಮಗ್ಗುಲಲ್ಲಿರುವ ಲೈನ್ ಮನೆಗಳಲ್ಲಿ ಹಾಸನ ಗೊರಗೊರ. ಒಬ್ಬನಿಗೆ ಮಡಿಕೇರಿಯ 103.1 ಸಿಕ್ಕಿತ್ತು, ಕೊಡವ ತಕ್ಕ್ ಕೇಳಿ ‘ಇದ್ಯಾವ ಭಾಷೆ’ ಎಂದು ಬೆರಗಾಗಿ ಬಂದಿದ್ದ. ಏರಿನ ಮೇಲಿನ ಒಂದು ಮನೆಗೆ ಸಂಜೆ ಮಂಗಳೂರಿನ 100.3 ಬರುತ್ತದೆ. ಅದರಲ್ಲಿ ತುಳು ಕೇಳಿಸಿತೆಂದು ತುಳು ಮನೆಮಾತಿನ ಹುಡುಗಿ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಕೆಲವರ ಮನೆಯಲ್ಲಿ ಮಧ್ಯಮ ತರಂಗದ ಬೆಂಗಳೂರು, 612 ಕಿಲೋಹರ್ಟ್ಸ್, ಮಾತ್ರ ಸಿಕ್ಕಿತ್ತು. ಅದರ ತರಂಗದೂರ ಸುಮಾರು 490 ಮೀಟರ್. ಅಷ್ಟು ಉದ್ದದ ಅಲೆ ಗುಡ್ಡವನ್ನು ಬಳಸಿಕೊಂಡು ನೆಲದ ಮೇಲೆ ಸಾಗಬಲ್ಲದು. ಮೂರು ಮೀಟರಿನದು ಹೆಚ್ಚುಕಡಿಮೆ ಬೆಳಕಿನಂತೆ ನೇರ ಹೋಗಿ ಗುಡ್ಡದ ಹಿಂದೆ ನೆರಳು ಬಿಡುತ್ತದೆ. ಟಾರ್ಚ್ ಮತ್ತು ನಿಲ್ಲಿಸಿದ ಪಠ್ಯಪುಸ್ತಕದಿಂದ ನೆರಳನ್ನು ತೋರಿಸಿದೆ. ಬಳಸಿಕೊಂಡು ಹೋಗುವುದನ್ನು ತೋರಿಸಲು ಅಗಲ ತಟ್ಟೆಯ ನೀರು, ಒಂದು ಕಲ್ಲು ಸಾಕಾಯಿತು.

ಈ ನಕ್ಷೆಯನ್ನು ಗೋಡೆಗೆ ಅಂಟಿಸಿದ ಮೇಲೆ ಒಬ್ಬ ಕೇಳಿದ: ‘ಮಿಸ್, ಹಾಸನ ಕೇಳಿಸದ ಮನೆಯೋರೆಲ್ಲ ಲೈನ್‌ನೋರೇ ಅಲ್ವಾ?’ ಎಲ್ಲರೂ ಅಲ್ಲ, ಆದರೆ ಹೆಚ್ಚಿನವರು ಅವರೇ. ಲೈನ್ ಮನೆಗಳನ್ನು ತೋಟದ ತಗ್ಗಿನಲ್ಲಿ ನೀರಿಗೆ ಹತ್ತಿರ ಕಟ್ಟಿದ್ದಾರೆ, ಬಂಗಲೆ ದಿಬ್ಬದ ಮೇಲಿದೆ. ಇದರಲ್ಲಿ ಯಾರ ಸಂಚೂ ಇಲ್ಲ. ಆದರೆ ತರಂಗದ ನೆರಳು ಯಾರ ಮೇಲೆ ಬೀಳುತ್ತದೆ ಎಂಬುದು ಆಗಲೇ ಅರ್ಧ ಸಮಾಜವಿಜ್ಞಾನವಾಗಿತ್ತು. ಎರಡನೇ ಪಾಠ ಹುಟ್ಟಿದ್ದು ಈ ಪ್ರಶ್ನೆಯಿಂದ.

ಕೇಳುವ ಪಟ್ಟಿ

ಎರಡನೇ ಪಾಠಕ್ಕೆ ಮೊದಲು ಮಕ್ಕಳು ಯಾವುದಾದರೂ ಒಂದು ಮಾತಿನ ಕಾರ್ಯಕ್ರಮ ಕೇಳಿ ನಾಲ್ಕು ಸಂಗತಿ ಬರೆದು ತರಬೇಕಿತ್ತು. ಯಾರು ಮಾತಾಡಿದರು, ನಿರೂಪಕರು ಮೊದಲು ಕೇಳಿದ್ದೇನು, ಉತ್ತರ ಸಿಗದ ಪ್ರಶ್ನೆ ಯಾವುದು, ಜೊತೆಗೆ ಕೇಳುತ್ತಿದ್ದ ಮನೆಯವರು ಏನಂದರು. ನಾಲ್ಕನೆಯದು ಅತ್ಯಂತ ಉಪಯುಕ್ತವಾಯಿತು. ರೇಡಿಯೊ ಮುಂದೆ ಕೂತವರು ಸುಮ್ಮನಿರುವುದಿಲ್ಲವಲ್ಲ! ‘ಅವ್ನಿಗೇನು ಗೊತ್ತು, ತೋಟಕ್ಕೆ ಕಾಲಿಟ್ಟೋನಾ?’ ಎಂಬ ಅಜ್ಜಿಯ ಟೀಕೆಯನ್ನು ಒಬ್ಬ ಯಥಾವತ್ತಾಗಿ ಬರೆದಿದ್ದ.

ಕೃಷಿ ಫೋನ್-ಇನ್ ಕೇಳಿದವರ ಟಿಪ್ಪಣಿಗಳಲ್ಲಿ ಒಂದು ಅಂಶ ಮತ್ತೆ ಮತ್ತೆ ಬಂತು. ಕರೆ ಮಾಡಿದವರು ಮೆಣಸಿನ ಬಳ್ಳಿ ಸೊರಗುತ್ತಿದೆ, ಏನು ಹೊಡೆಯಬೇಕು ಎಂದು ಕೇಳುತ್ತಾರೆ. ತಜ್ಞರು ಔಷಧಿ ಹೇಳುವುದಿಲ್ಲ. ಊರು ಯಾವುದು, ಬಳ್ಳಿ ಎಷ್ಟು ವರ್ಷದ್ದು, ನೀರು ನಿಲ್ಲುತ್ತದೆಯೇ, ಎಲೆ ಎಲ್ಲಿಂದ ಹಳದಿಯಾಗುತ್ತಿದೆ ಎಂದು ಕೇಳುತ್ತಾ ಹೋಗುತ್ತಾರೆ. ವಿಜ್ಞಾನದ ಪಾಠದಲ್ಲಿ ‘ವೀಕ್ಷಣೆ, ದತ್ತಾಂಶ, ಊಹೆ’ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಇಲ್ಲಿ ಯಾರೋ ಮೂರು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಪ್ರಶ್ನಿಸುವ ಕೌಶಲದ ಸೂಕ್ಷ್ಮಬೋಧನೆ ಮಾಡಿಸುವಾಗ ಒಂದು ಫೋನ್-ಇನ್ ಕೇಳಿಸುವುದು ಒಳ್ಳೆಯದು ಎಂದು ನನಗನ್ನಿಸಿದೆ. ತನಿಖಾ ಪ್ರಶ್ನೆ ಎಂದರೇನು ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನಮ್ಮ ಕೈಪಿಡಿಯಲ್ಲಿಲ್ಲ.

ಇನ್ನೊಂದು ವಿಷಯ ಭಾಷೆಯದ್ದು. ಕರೆ ಮಾಡಿದವರು ‘ಬಂದೈತೆ’, ‘ಹೋಯ್ತದೆ’ ಎಂದರೆ ನಿರೂಪಕರು ತಿದ್ದುವುದಿಲ್ಲ. ತಾವು ‘ಬಂದಿದೆ’ ಎಂದೇ ಹೇಳುತ್ತಾರೆ, ಮಾತು ಮುಂದುವರಿಯುತ್ತದೆ. ತರಗತಿಯಲ್ಲಿ ನಾವು ಮೊದಲು ಕ್ರಿಯಾಪದ ತಿದ್ದುತ್ತೇವೆ, ಅಷ್ಟರಲ್ಲಿ ಮಗು ಹೇಳಬೇಕೆಂದಿದ್ದು ಮರೆತಿರುತ್ತದೆ.

ಎರಡನೇ ಪಾಠ: ವಿಷಯದ ಆಯ್ಕೆ

ಹದಿನೈದು ನಿಮಿಷದ ಒಂದು ರೇಡಿಯೊ ಸಂವಾದವನ್ನು ತರಗತಿಯಲ್ಲೇ ನಡೆಸುವುದು ಯೋಜನೆ. ವಿಷಯ ಮಕ್ಕಳೇ ಆರಿಸಬೇಕು. ಎತ್ತಿನಹೊಳೆ ಎಂದರು ಕೆಲವರು. ಸಕಲೇಶಪುರ ತಾಲ್ಲೂಕಿನಲ್ಲಿ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತ್ತು, ಪೈಪುಗಳನ್ನು ಎಲ್ಲರೂ ನೋಡಿದ್ದರು. ಶಿರಾಡಿ ರಸ್ತೆ ಎಂದರು ಇನ್ನು ಕೆಲವರು. ಕೈ ಎತ್ತಿಸಿದಾಗ ಗೆದ್ದದ್ದು ಆನೆ. ಬೇರೆ ಏನಾಗಲು ಸಾಧ್ಯ? ಶಾಲೆಗೆ ಬರುವ ದಾರಿಯಲ್ಲಿ ಲದ್ದಿ ನೋಡಿ ವಾಪಸ್ ಹೋದ ಮಕ್ಕಳಿರುವ ತರಗತಿ ಅದು.

ಮಾರ್ಗದರ್ಶಕ ಶಿಕ್ಷಕರಿಗೆ ಆತಂಕವಾಯಿತು. ‘ನೋಡಮ್ಮ, ಆನೆ ಅಂದ್ರೆ ಇಲ್ಲಿ ರಾಜಕೀಯ. ಮಕ್ಕಳು ಮನೇಲಿ ಕೇಳಿದ್ದನ್ನೇ ಇಲ್ಲಿ ಹೇಳ್ತಾರೆ. ನಾಳೆ ಯಾರಾದ್ರೂ ಗೇಟಿಗೆ ಬಂದು ಕೇಳಿದ್ರೆ ನಾನು ಉತ್ತರ ಕೊಡ್ಬೇಕು, ನೀನಲ್ಲ’ ಎಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ನಾವು ಮೂರ್ನಾಲ್ಕು ತಿಂಗಳಿಗೆ ಬಂದು ಹೋಗುವವರು. ಅವರು ಅಲ್ಲಿಯೇ ಇರುವವರು. ಒಪ್ಪಂದಕ್ಕೆ ಬಂದದ್ದು ಹೀಗೆ: ಆಕಾಶವಾಣಿ ತನ್ನ ಪ್ರಸಾರಕ್ಕೆ ಇಟ್ಟುಕೊಂಡಿರುವ ಸಂಹಿತೆಯನ್ನೇ ತರಗತಿಯ ನಿಯಮ ಮಾಡುವುದು. ಒಂಬತ್ತು ಅಂಶಗಳ ಆ ಸಂಹಿತೆಯಲ್ಲಿ ನಮಗೆ ಬೇಕಾದವನ್ನು ಹಲಗೆಯ ಮೇಲೆ ಬರೆದೆ. ಧರ್ಮ ಅಥವಾ ಸಮುದಾಯದ ಮೇಲೆ ದಾಳಿ ಕೂಡದು, ಮಾನಹಾನಿ ಕೂಡದು, ಹಿಂಸೆಗೆ ಪ್ರಚೋದನೆ ಕೂಡದು, ರಾಜಕೀಯ ಪಕ್ಷವನ್ನು ಹೆಸರು ಹಿಡಿದು ನಿಂದಿಸಬಾರದು. ಸಮಾಜವಿಜ್ಞಾನದ ಶಿಕ್ಷಕರು ತಮ್ಮ ಒಂದು ಅವಧಿಯನ್ನು ಬಿಟ್ಟುಕೊಟ್ಟರು.

ನಿಯಮ ಓದಿದ ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ: ‘ಪಾರ್ಟಿ ಹೆಸ್ರು ಹೇಳಂಗಿಲ್ಲ ಅಂದ್ರೆ ರಾಜಕೀಯ ಮಾತಾಡೋದು ಹೆಂಗೆ ಮಿಸ್?’ ಇದಕ್ಕೆ ನಾನು ಉತ್ತರ ಹೇಳಲಿಲ್ಲ, ಚಟುವಟಿಕೆ ಕೊಟ್ಟೆ. ಮನೆಯಲ್ಲಿ ಕೇಳಿದ ಒಂದು ರಾಜಕೀಯ ವಾಕ್ಯವನ್ನು ಬರೆಯಿರಿ, ಅದನ್ನು ರೇಡಿಯೊದಲ್ಲಿ ಕೇಳಬಹುದಾದ ಪ್ರಶ್ನೆಯಾಗಿ ತಿರುಗಿಸಿ. ‘ಆ ಪಾರ್ಟಿಯೋರು ಬಂದ್ಮೇಲೆ ಪರಿಹಾರನೇ ಬಂದಿಲ್ಲ’ ಎಂಬುದು ‘ಭತ್ತ ತುಳಿದಿದ್ದಕ್ಕೆ ಅರ್ಜಿ ಕೊಟ್ಟರೆ ಎಷ್ಟು ದಿನದಲ್ಲಿ ಹಣ ಬರಬೇಕು, ತಡವಾದರೆ ಯಾರನ್ನು ಕೇಳಬೇಕು?’ ಎಂದಾಯಿತು. ‘ಎಲ್ಲಾ ಕಳ್ಳರು’ ಎಂಬುದನ್ನು ತಿರುಗಿಸಲು ಇಬ್ಬರು ಹುಡುಗರು ಹತ್ತು ನಿಮಿಷ ಒದ್ದಾಡಿ ‘ಕಂಬಿ ಬೇಲಿ ಹಾಕಲು ನಮ್ಮ ಪಂಚಾಯ್ತಿಗೆ ಎಷ್ಟು ಹಣ ಬಂತು, ಎಲ್ಲಿ ಹಾಕಿದರು?’ ಎಂದು ತಂದರು. ಪಕ್ಷದ ಹೆಸರು ಹೋದ ಮೇಲೆ ಪ್ರಶ್ನೆ ಇನ್ನೂ ಚೂಪಾಯಿತು. ಮಾರ್ಗದರ್ಶಕರು ಇದನ್ನು ಓದಿ ನಕ್ಕು, ‘ಇದು ಮೊದಲಿಗಿಂತ ಅಪಾಯ’ ಎಂದರು. ಬೇಡ ಎನ್ನಲಿಲ್ಲ.

ಸಂಹಿತೆಯ ಮಿತಿಯನ್ನೂ ಮಕ್ಕಳ ಮುಂದಿಟ್ಟೆ. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2006ರ ನೀತಿಯಿಂದ ಊರಿನ ಸಂಘಸಂಸ್ಥೆಗಳೂ ಸಮುದಾಯ ರೇಡಿಯೊ ನಡೆಸಬಹುದು. ಆದರೂ ಸುದ್ದಿಯ ಮಟ್ಟಿಗೆ ಅವು ಸ್ವಂತ ವರದಿ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಮರುಪ್ರಸಾರ ಮಾಡಬೇಕು. ಪತ್ರಿಕೆಗೆ, ಟಿ.ವಿ.ಗೆ ಇಲ್ಲದ ಕಟ್ಟು ರೇಡಿಯೊಗೆ ಏಕೆ ಎಂಬ ಚರ್ಚೆಗೆ ಸಮಯ ಸಾಲಲಿಲ್ಲ. ಸಮಾಜವಿಜ್ಞಾನದವರಿಗೆ ಅದು ಪೂರ್ತಿ ಒಂದು ಅವಧಿಯ ವಿಷಯ.

ಪ್ರಸಾರ

ಮಾಹಿತಿಗೆ ನಾನು ಕೊಟ್ಟ ಹಾಳೆ ಅರ್ಧ ಪುಟದ್ದು. ಕರ್ನಾಟಕದಲ್ಲಿ 2023ರ ಗಣತಿಯ ಅಂದಾಜಿನಂತೆ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಬೇಕೆಂದಿತು. 2014ರ ಸುಮಾರಿಗೆ ಇಪ್ಪತ್ತೆರಡು ಆನೆಗಳನ್ನು ಹಿಡಿದದ್ದೂ ಆಯಿತು. ಆಮೇಲೂ ಆನೆ ಬರುವುದು ನಿಲ್ಲಲಿಲ್ಲ. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತದ್ದು ಇಂಥದ್ದೇ ಕಾರ್ಯಾಚರಣೆಯಲ್ಲಿ. ಅರ್ಜುನನ ಸಮಾಧಿ ನೋಡಿಬಂದ ಮಕ್ಕಳು ತರಗತಿಯಲ್ಲಿದ್ದರು, ಹಾಳೆಯ ಆ ಸಾಲು ಓದುವಾಗ ಗದ್ದಲ ತಾನಾಗಿ ನಿಂತಿತು.

ಪಾತ್ರಗಳು: ನಿರೂಪಕ, ಅರಣ್ಯ ಸಿಬ್ಬಂದಿ, ಸಣ್ಣ ಬೆಳೆಗಾರ, ವನ್ಯಜೀವಿ ಅಧ್ಯಯನ ಮಾಡುವವರು. ಉಳಿದವರೆಲ್ಲ ಕರೆ ಮಾಡುವ ಶ್ರೋತೃಗಳು, ಊರಿನ ಹೆಸರು ಹೇಳಿ ಮಾತಾಡಬೇಕು. ನಿರೂಪಕನಾದ ಹುಡುಗ ಮೊದಲ ಎರಡು ನಿಮಿಷ ‘ಮಾನ್ಯ ಶ್ರೋತೃಗಳೇ’ ಎಂದು ಗಂಟಲು ಬದಲಿಸಿಕೊಂಡು ಮಾತಾಡಿದ. ಆಮೇಲೆ ವಿಷಯ ಬಿಸಿಯಾದಂತೆ ಸ್ವಂತ ಗಂಟಲಿಗೆ ಬಂದ. ಆನೆ ಸಾಗಿಸಬೇಕು ಎಂದವರು ಹೆಚ್ಚು. ‘ಸಾಗಿಸಿದ ಜಾಗಕ್ಕೆ ಬೇರೆ ಆನೆ ಬಂದ್ರೆ?’ ಎಂದು ವನ್ಯಜೀವಿಯವರ ಪಾತ್ರದ ಹುಡುಗಿ ಹಾಳೆಯಲ್ಲಿದ್ದ ಇಪ್ಪತ್ತೆರಡು ಆನೆಗಳ ಲೆಕ್ಕವನ್ನೇ ಹಿಡಿದು ನಿಂತಳು.

ಆಗ ಅರಣ್ಯ ಸಿಬ್ಬಂದಿಯ ಪಾತ್ರದ ಹುಡುಗ, ಆನೆ ಎಲ್ಲಿದೆ ಎಂದು ಫೋನಿಗೆ ಮೆಸೇಜ್ ಕಳಿಸುತ್ತೇವೆ, ಎಚ್ಚರಿಕೆಯ ಕೆಂಪು ದೀಪ ಹಾಕುತ್ತೇವೆ, ಜನ ನೋಡಿಕೊಂಡು ಓಡಾಡಬೇಕು ಎಂದ. ಈ ಭಾಗದಲ್ಲಿ ಅಂಥ ವ್ಯವಸ್ಥೆ ಇದೆ, ಅವನು ಹೇಳಿದ್ದು ಸರಿ. ಆ ತನಕ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದಳು. ತಿಂಗಳಲ್ಲಿ ಅವಳ ದನಿ ನಾನು ಕೇಳಿದ್ದು ಹಾಜರಿ ಕೂಗಿದಾಗ ಮಾತ್ರ.

‘ನಾನು ಲೈನಿಂದ ಮಾತಾಡ್ತಾ ಇದೀನಿ. ಮೆಸೇಜು ಸಾವ್ಕಾರ್ರಿಗೆ ಬತ್ತದೆ, ರೈಟ್ರಿಗೆ ಬತ್ತದೆ. ನಮ್ಮವ್ವಂಗೆ ಬರಲ್ಲ. ಬಂದ್ರೂ ಓದಾಕೆ ಬರಲ್ಲ. ಬೆಳಿಗ್ಗೆ ಮೊದ್ಲು ತೋಟಕ್ಕೆ ಇಳ್ಯೋದು ಅವ್ವನೇ.’

ನಿರೂಪಕ ಸುಮ್ಮನಾದ. ಇಲ್ಲಿ ನಾನು ಮಧ್ಯೆ ಹೋಗಬಹುದಿತ್ತು, ಹೋಗಲಿಲ್ಲ. ಹತ್ತು ಹನ್ನೆರಡು ಸೆಕೆಂಡು ಕಳೆದ ಮೇಲೆ ಅವನು ಕೃಷಿ ಫೋನ್-ಇನ್‌ನಲ್ಲಿ ಕೇಳಿದ್ದ ಕ್ರಮವನ್ನೇ ಹಿಡಿದ: ‘ನಿಮ್ ಲೈನಲ್ಲಿ ಎಷ್ಟು ಮನೆ? ಫೋನು ಎಷ್ಟು ಜನಕ್ಕೆ ಇದೆ? ಮೆಸೇಜ್ ಬದ್ಲು ಮಾತಲ್ಲಿ ಬಂದ್ರೆ ಕೇಳ್ತಾರಾ?’ ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಬೆಳೆಗಾರನ ಪಾತ್ರದವನು ನಿಜವಾಗಿಯೂ ಬೆಳೆಗಾರರ ಮಗ. ‘ನಮ್ಮಪ್ಪಂಗೆ ಬಂದಿದ್ದನ್ನ ರೈಟ್ರು ಲೈನ್‌ನೋರಿಗೆ ಹೇಳ್ತಾರೆ’ ಎಂದ. ‘ಹೇಳಕ್ಕೆ ಎಂಟ್ ಗಂಟೆಗೆ ಬತ್ತಾರೆ, ಅವ್ವ ನೀರಿಗೆ ಹೋಗೋದು ಆರಕ್ಕೆ’ ಎಂದಳು ಅವಳು. ಅಸ್ಸಾಮಿನ ಹುಡುಗ ಇನ್ನೊಂದು ಸೇರಿಸಿದ: ಅವರ ಮನೆಯವರಿಗೆ ಕನ್ನಡದ ದನಿಯೂ ಅರ್ಥವಾಗುವುದಿಲ್ಲ. ಹದಿನೈದು ನಿಮಿಷದ ಕಾರ್ಯಕ್ರಮ ಮೂವತ್ತು ದಾಟಿತು. ಸಹಪಾಠಿ ವೀಕ್ಷಕಿ ಸಮಯ ಗುರುತಿಸಿದಂತೆ 40 ನಿಮಿಷದ ಅವಧಿಯಲ್ಲಿ ನನ್ನ ಮಾತು 6 ನಿಮಿಷ.

ಮೌಲ್ಯಮಾಪನದ ಬಗ್ಗೆ

ಎರಡನೇ ಪಾಠಕ್ಕೆ ಅಂಕ ಕೊಡುವ ಮಾನದಂಡವನ್ನು ‘ಸ್ಪಷ್ಟ ಉಚ್ಚಾರಣೆ, ಆತ್ಮವಿಶ್ವಾಸ, ವಿಷಯ ಜ್ಞಾನ’ ಎಂದು ಇಡುವುದು ನಮ್ಮ ರೂಢಿ. ಹಾಗೆ ಇಟ್ಟಿದ್ದರೆ ಆ ಹುಡುಗಿಗೆ ಕಡಿಮೆ ಅಂಕ, ‘ಮಾನ್ಯ ಶ್ರೋತೃಗಳೇ’ ಎಂದವನಿಗೆ ಹೆಚ್ಚು. ನಾನು ಇಟ್ಟದ್ದು ಎರಡೇ. ಹಿಂದಿನವರ ಮಾತನ್ನು ಕೇಳಿಸಿಕೊಂಡು ಅದಕ್ಕೆ ಹೊಂದುವಂತೆ ಮಾತಾಡಿದರೇ? ಪರಿಶೀಲಿಸಬಹುದಾದ ಒಂದು ಸಂಗತಿಯನ್ನಾದರೂ ಹೇಳಿದರೇ? ವೀಕ್ಷಣೆಗೆ ಬಂದ ಉಪನ್ಯಾಸಕರು ಇದರಲ್ಲಿ ಭಾಷಾ ಶುದ್ಧಿಗೆ ಜಾಗವೇ ಇಲ್ಲವಲ್ಲ ಎಂದರು. ಬರವಣಿಗೆಯ ಹಂತದಲ್ಲಿ ಅದಕ್ಕೆ ಜಾಗ ಕೊಟ್ಟೆ. ಮರುದಿನ ಮಕ್ಕಳು ವಲಯ ಅರಣ್ಯಾಧಿಕಾರಿಗಳಿಗೆ ಪತ್ರ ಬರೆದರು, ಅದರ ಕರಡನ್ನು ಮೂರು ಸಲ ತಿದ್ದಿದ್ದೇವೆ. ಲೈನ್ ಮನೆಯವರ ಫೋನ್ ನಂಬರುಗಳನ್ನು ಪಟ್ಟಿಗೆ ಸೇರಿಸಬೇಕು, ಓದುವ ಮೆಸೇಜಿನ ಜೊತೆ ದನಿಯ ಕರೆಯೂ ಬರಬೇಕು, ಅದು ಬೆಳಿಗ್ಗೆ ಆರಕ್ಕೆ ಮುಂಚೆ ಬರಬೇಕು. ಕೇಳಿದ್ದು ಈ ಮೂರನ್ನೇ. ನಂಬರುಗಳನ್ನು ಮನೆಮನೆಗೆ ಹೋಗಿ ಒಪ್ಪಿಗೆ ಪಡೆದು ಬರೆದುಕೊಂಡು ಬಂದವರು ಆ ಹುಡುಗಿ ಮತ್ತು ಬೆಳೆಗಾರರ ಮಗ. ಮುಖ್ಯ ಶಿಕ್ಷಕರು ಮುಚ್ಚಳಿಕೆ ಪತ್ರ ಬರೆದು ಸಹಿ ಹಾಕಿ ಕಳಿಸಿದರು.

ಇದೇ ಪಾಠವನ್ನು ಬೇರೆ ಕಡೆ ಮಾಡುವ ಗೆಳೆಯರಿಗೆ ಒಂದೆರಡು ವಿಷಯ. ವಿಷಯ ಆನೆಯೇ ಆಗಬೇಕಿಲ್ಲ, ಗೊರೂರು ಕಡೆಯಾದರೆ ಹೇಮಾವತಿ ಮುಳುಗಡೆ ಇದೆ, ಘಾಟಿಯ ಕೆಳಗಾದರೆ ರಸ್ತೆ ಕುಸಿತವಿದೆ. ಧ್ವನಿಮುದ್ರಣ ಮಾಡುವ ಆಸೆ ನನಗೂ ಇತ್ತು, ಮಾರ್ಗದರ್ಶಕರು ಬೇಡವೆಂದರು, ಅದು ಸರಿ. ಮುದ್ರಿಸಿದ್ದರೆ ಅದು ಊರಿನ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು, ಲೈನಿನ ಮಗುವಿನ ಮಾತು ಸಾಹುಕಾರರ ಫೋನಿಗೆ ಮೊದಲು ತಲುಪುತ್ತಿತ್ತು. ಮಗು ಮಾತಾಡಿದ್ದಕ್ಕೆ ಮನೆಯವರ ಕೆಲಸಕ್ಕೆ ತೊಂದರೆಯಾಗಬಾರದು ಎಂಬುದು ಇಲ್ಲಿ ಬಹಳ ನಿಜವಾದ ಪ್ರಶ್ನೆ. ಪತ್ರದಲ್ಲೂ ಯಾವ ತೋಟ ಎಂದು ಬರೆಯದೆ ‘ನಮ್ಮ ಶಾಲಾ ವ್ಯಾಪ್ತಿಯ ಕಾರ್ಮಿಕ ಕುಟುಂಬಗಳು’ ಎಂದೇ ಬರೆಸಿದೆವು.

ಮೂರನೇ ಪಾಠಕ್ಕೂ ಟಿಪ್ಪಣಿ ಸಿದ್ಧವಿತ್ತು. ಆನೆಯ ಕೊರಳಿಗೆ ಹಾಕುವ ರೇಡಿಯೊ ಕಾಲರ್ ಹೇಗೆ ಕೆಲಸ ಮಾಡುತ್ತದೆ, ಅದು ಕಳಿಸುವ ಸಂಕೇತಕ್ಕೂ ಗುಡ್ಡದ ನೆರಳು ಬೀಳುತ್ತದೆಯೇ, ಉಪಗ್ರಹದ ಮೂಲಕ ಕಳಿಸಿದರೆ ವ್ಯತ್ಯಾಸವೇನು. ಅಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಅವಧಿ ಮುಗಿಯಿತು. ಟಿಪ್ಪಣಿಯನ್ನು ಮಾರ್ಗದರ್ಶಕ ಶಿಕ್ಷಕರು ತೆಗೆದುಕೊಂಡು, ‘ಇದನ್ನ ನಾನೇ ಮಾಡ್ತೀನಿ, ಆ ನಕ್ಷೆ ಮಾತ್ರ ಗೋಡೆಯಿಂದ ಕೀಳ್ಬೇಡ’ ಎಂದರು.